ಅಪ್‌ಡೇಟ್: ಇರೋ ಲೆನ್ಸಲ್ಲೇ ಮ್ಯಾಕ್ರೋ, ಕೊನೆಗೆ ಟ್ಯೂಬ್ ತಗೊಂಡೆ

ಹೋದ ತಿಂಗಳು ಕೇಳಿದ್ದೆ: ನನ್ನ ಹತ್ತಿರ ಇರುವುದು ಕ್ಯಾನನ್ 50 ಎಂಎಂ ಎಸ್‌ಟಿಎಂ ಲೆನ್ಸ್ ಮತ್ತು 55-250 ಎಂಎಂ ಜೂಮ್. ಸಣ್ಣ ಹುಳು-ಹೂವನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸಿಗೆ ದುಡ್ಡಿಲ್ಲ. ಕ್ಲೋಸ್‌ಅಪ್ ಫಿಲ್ಟರ್, ರಿವರ್ಸ್ ರಿಂಗ್, ಎಕ್ಸ್‌ಟೆನ್ಷನ್ ಟ್ಯೂಬ್, ಇವುಗಳಲ್ಲಿ ಯಾವುದು ವಾಸಿ ಅಂತ.

ಗೆಳೆಯನ ಅಗ್ಗದ +10 ಕ್ಲೋಸ್‌ಅಪ್ ಫಿಲ್ಟರನ್ನು (ಲೆನ್ಸಿನ ಮುಂದೆ ಹಾಕುವ ಭೂತಗನ್ನಡಿ ತರಹದ್ದು) ಹಾಕಿ ನೋಡಿದೆ. ಅಂಚಿನಲ್ಲೆಲ್ಲ ನೇರಳೆ ಗೆರೆ. ವಾಪಸ್ ಕೊಟ್ಟೆ.

ರಿವರ್ಸ್ ರಿಂಗ್ ಮಜವಾಗಿತ್ತು. 50 ಎಂಎಂ ಹಿಂದುಮುಂದಾಗಿ ತಿರುಗಿಸಿ ಹಾಕಿದರೆ ಸುಮಾರು 1:1 ಸಿಗುತ್ತದೆ, ಅಂದರೆ ವಸ್ತು ಸೆನ್ಸರ್ ಮೇಲೆ ಅದರ ನಿಜ ಗಾತ್ರದಲ್ಲೇ ಬೀಳುತ್ತದೆ. ಆದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಆಮೇಲೆ ಕ್ಯಾಮೆರಾ ಮಾತು ಕೇಳುವುದಿಲ್ಲ. ಲೆನ್ಸ್ ನೆಟ್ಟಗಿರುವಾಗಲೇ ಎಫ್ 11, ಅಂದರೆ ಸಣ್ಣ ಕಿಂಡಿ, ಇಟ್ಟು, ಅದನ್ನು ಮುಚ್ಚಿ ಹಿಡಿಯುವ ಡೆಪ್ತ್ ಪ್ರಿವ್ಯೂ ಬಟನ್ ಒತ್ತಿ ಹಿಡಿದುಕೊಂಡೇ ಲೆನ್ಸ್ ಬಿಚ್ಚಬೇಕು. ಆಮೇಲೆ ವ್ಯೂಫೈಂಡರಲ್ಲಿ ಬರೀ ಕತ್ತಲು. ನನಗೆ ಅಷ್ಟು ತಾಳ್ಮೆ ಇಲ್ಲ.

ಹಾಗಾಗಿ ಅಪರ್ಚರ್ ಕ್ಯಾಮೆರಾ ಮಾತು ಕೇಳುವಂತೆ ಎಲೆಕ್ಟ್ರಿಕ್ ಪಿನ್ ಇರುವ 12, 20, 36 ಎಂಎಂ ಎಕ್ಸ್‌ಟೆನ್ಷನ್ ಟ್ಯೂಬ್ ಸೆಟ್ಟನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಒಳಗೆ ಗಾಜಿಲ್ಲ, ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರುವ ಸುಮ್ನೆ ಖಾಲಿ ಕೊಳವೆ. ಎಷ್ಟು ಹಿಗ್ಗುತ್ತದೆ ಅಂತ ತಿಳಿಯಲು ಟ್ಯೂಬಿನ ಉದ್ದವನ್ನು ಲೆನ್ಸಿನ ಎಂಎಂನಿಂದ ಭಾಗಿಸಿ ನೋಡಿ: 36 ÷ 50, ಅಂದರೆ 0.72. ಲೆನ್ಸಿನದೇ 0.21 ಸೇರಿದರೆ 0.93, ಹೆಚ್ಚುಕಮ್ಮಿ 1:1. ಅದೇ ಟ್ಯೂಬ್ 250 ಎಂಎಂನಲ್ಲಿ 0.14 ಮಾತ್ರ ಕೂಡಿಸುತ್ತದೆ. ಜೂಮಿಗೆ ತಗೊಳ್ಳುವವರು ಇದನ್ನು ಮೊದಲೇ ಯೋಚಿಸಿ.

ನಿನ್ನೆ ದಾಸವಾಳದ ಮೊಗ್ಗಿನ ಮೇಲೆ ಇರುವೆಯೊಂದು ಗಿಡಹೇನನ್ನು ಮೀಸೆಯಿಂದ ತಟ್ಟುತ್ತಿತ್ತು. ಫೋಕಸ್ ರಿಂಗ್ ಮುಟ್ಟಲಿಲ್ಲ. ಉಸಿರು ಹಿಡಿದು ನಾನೇ ಹಿಂದೆ ಮುಂದೆ ತೂಗಿದೆ. ಬೆಳಕು ಮೆತ್ತಗಾಗಲಿ ಅಂತ ಫ್ಲಾಶ್ ಮುಂದೆ ತೊಳೆದ ಹಾಲಿನ ಕವರ್ ಕಟ್ಟಿದ್ದೆ. 40 ಫೋಟೋದಲ್ಲಿ ಮೂರರಲ್ಲಿ ಇರುವೆಯ ಕಣ್ಣು ಚೂಪಾಗಿ ಬಂದಿದೆ. ಕವರಿನ ಮೇಲಿನ ಅಕ್ಷರದ ನೀಲಿ ಮಾತ್ರ ಅದರ ಬೆನ್ನ ಮೇಲೆ ಹೊಳೆಯುತ್ತಿದೆ, ಮುಂದಿನ ಸಲ ಬಿಳಿ ಕವರ್ ಹುಡುಕಬೇಕು.