32 ಜಿಬಿ ರ‍್ಯಾಮ್ ಎಂದರು, ತೋರಿಸುತ್ತಿರುವುದು 23. ಕ್ಯಾಬಿನೆಟ್ ಬಿಚ್ಚದೆ ನೋಡಬಹುದಾ?

ಹಾಸನ ಡಿಟಿಪಿ:
ನಮಸ್ಕಾರ. ನಾನು ಹಾಸನದಲ್ಲಿ ಚಿಕ್ಕ ಡಿಟಿಪಿ ಅಂಗಡಿ ನಡೆಸುವವಳು. ಮದುವೆ ಕಾರ್ಡು, ಫ್ಲೆಕ್ಸು, ಶಾಲೆಗಳ ಪ್ರಶ್ನೆಪತ್ರಿಕೆ. ಹೋದ ವಾರ ಬೆಂಗಳೂರಿನಿಂದ ಹಳೇ ವರ್ಕ್‌ಸ್ಟೇಷನ್ ತಂದೆ, ಬಸ್ಸಿನ ಡಿಕ್ಕಿಯಲ್ಲಿ ಹಾಕಿಕೊಂಡು. ಜಿಯಾನ್ ಇ5-1650 ವಿ3 ಪ್ರೊಸೆಸರ್, 12 ಕೋರ್, 32 ಜಿಬಿ ರ‍್ಯಾಮ್ ಎಂದು ಬಿಲ್ಲಿನಲ್ಲಿದೆ. ಉಬುಂಟು ಲಿನಕ್ಸ್ ಹಾಕಿ, ಮೆಮೊರಿ ಲೆಕ್ಕ ತೋರಿಸುವ 'ಫ್ರೀ -ಎಚ್' ಕಮಾಂಡ್ ಕೊಟ್ಟರೆ ಒಟ್ಟು 23 ಎನ್ನುತ್ತದೆ. ನಾಲ್ಕು ರ‍್ಯಾಮ್ ಸ್ಟಿಕ್ ಹಾಕಿಯೇ ಕೊಟ್ಟಿದ್ದೇವೆ ಅಂತಾರೆ ಅಂಗಡಿಯವರು. ಕ್ಯಾಬಿನೆಟ್ ಮೇಲೆ ವಾರಂಟಿ ಸ್ಟಿಕ್ಕರ್ ಇದೆ, ಬಿಚ್ಚಲು ಭಯ. ಕೂಡಿಟ್ಟ ದುಡ್ಡು, ದಯವಿಟ್ಟು ಹೇಳಿ.

ಕಪ್ಪು ಪರದೆ:
ಮೇಡಂ, ಜಗಳಕ್ಕೆ ಮುಂಚೆ 'ಸುಡೋ ಡಿಎಂಐಡಿಕೋಡ್ -ಟಿ ಮೆಮೊರಿ' ಕೊಡಿ. ಸ್ಟಿಕ್ ಕೂರುವ ಒಂದೊಂದು ಸ್ಲಾಟಿನ ವಿವರವೂ ಬೇರೆಬೇರೆ ಬರುತ್ತದೆ. 'ಸೈಜ್' ಸಾಲು ನೋಡಿ. 'ನೋ ಮಾಡ್ಯೂಲ್ ಇನ್‌ಸ್ಟಾಲ್ಡ್' ಎಂದಿದ್ದರೆ ಖಾಲಿ. ಆದರೆ ಇದು ಬಯಾಸ್ (ಮೆಷೀನ್ ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) ಬರೆದಿಟ್ಟ ಪಟ್ಟಿ. ಬಯಾಸ್‌ಗೆ ಸಿಗದ ಸ್ಟಿಕ್ ಸ್ಲಾಟಿನಲ್ಲೇ ಕೂತಿದ್ದರೂ ಇಲ್ಲಿ ಖಾಲಿ ಅಂತಲೇ ಬರಬಹುದು.

ಇನ್ನೊಂದು ಮಾತು. ಆ ಪ್ರೊಸೆಸರ್‌ನಲ್ಲಿ ಇರುವುದು 6 ಕೋರ್, 12 ಥ್ರೆಡ್; ಅಂದರೆ ಒಂದೊಂದು ಕೋರ್ ಏಕಕಾಲಕ್ಕೆ ಎರಡು ಕೆಲಸದ ಸಾಲು ನಡೆಸುತ್ತದೆ. 'ಎಲ್‌ಎಸ್‌ಸಿಪಿಯು' ಕೊಟ್ಟರೆ ಎರಡೂ ಬೇರೆಬೇರೆ ಸಾಲಿನಲ್ಲಿ ಕಾಣುತ್ತವೆ. ಬಿಲ್ಲಿನಲ್ಲಿ 12 ಕೋರ್ ಎಂದು ಬರೆದದ್ದು ತಪ್ಪು.

ಹಾಸನ ಡಿಟಿಪಿ:
ಕೊಟ್ಟೆ. ಒಟ್ಟು ಎಂಟು ಸ್ಲಾಟ್. ಮೂರರಲ್ಲಿ 8 ಜಿಬಿ, ಐದು ಖಾಲಿ. ಕೋರ್ ನೀವು ಹೇಳಿದಂತೆ 6.

ಕಪ್ಪು ಪರದೆ:
ಹಾಗಾದರೆ 24ರಲ್ಲಿ 23, ಲೆಕ್ಕ ಸರಿಯಾಯಿತು; ಸ್ವಲ್ಪ ಭಾಗ ಸಿಸ್ಟಮ್ ತನಗೇ ಇಟ್ಟುಕೊಳ್ಳುತ್ತದೆ. ಆದರೆ ಈ ಪ್ರೊಸೆಸರ್‌ಗೆ ಮೆಮೊರಿ ಚಾನೆಲ್ (ರ‍್ಯಾಮ್ ಜೊತೆ ಮಾತಾಡುವ ದಾರಿ) ನಾಲ್ಕು. ಮೂರೇ ಸ್ಟಿಕ್ ಹಾಕುವವರು ಕಮ್ಮಿ. ಹಾಸನದವರೆಗೆ ಬಸ್ಸಿನಲ್ಲಿ ಕುಲುಕಿದೆ, ಒಂದು ಸಡಿಲ ಆಗಿರಬೇಕು. ಅಂಗಡಿಯವರ ಒಪ್ಪಿಗೆ ವಾಟ್ಸಾಪಿನಲ್ಲಿ ಬರೆಸಿಕೊಂಡು ಬಿಚ್ಚಿ. ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಲೋಹದ ಭಾಗ ಒಮ್ಮೆ ಮುಟ್ಟಿ, ಆಮೇಲೆ ಕೈ ಹಾಕಿ. ಕ್ಲಿಪ್ 'ಟಕ್' ಎನ್ನುವವರೆಗೆ ಒತ್ತಬೇಕು.

ಹಳೇ ಹಾರ್ಡ್‌ವೇರ್:
ಅಕಸ್ಮಾತ್ ಹೊಸ ಸ್ಟಿಕ್ ಕೊಳ್ಳಬೇಕಾದರೆ ಅದೇ ಪಟ್ಟಿಯಲ್ಲಿ 'ಟೈಪ್ ಡೀಟೇಲ್' ನೋಡಿ. ರಿಜಿಸ್ಟರ್ಡ್ (ಸರ್ವರ್‌ಗಳಲ್ಲಿ ಬಳಸುವ ಬಗೆಯ ಸ್ಟಿಕ್) ಇರುವ ಕಡೆ ಸಾದಾ ಸ್ಟಿಕ್ ಸೇರಿಸಿದರೆ ಮೆಷೀನ್ ಏಳುವುದೇ ಇಲ್ಲ. ಹಾರ್ಡ್ ಡಿಸ್ಕ್ ಎಷ್ಟು ದುಡಿದಿದೆ ಅಂತಲೂ ನೋಡಿಕೊಳ್ಳಿ, ಗಿರಾಕಿಗಳ ಫೈಲ್ ಇರುವ ಜಾಗ ಅಲ್ವಾ. ಡಿಸ್ಕಿನ ಆರೋಗ್ಯ ನೋಡುವ ಸ್ಮಾರ್ಟ್‌ಮಾನ್‌ಟೂಲ್ಸ್ ಹಾಕಿ 'ಸುಡೋ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ' ಕೊಡಿ, 'ಪವರ್ ಆನ್ ಅವರ್ಸ್' ಸಾಲು ಹುಡುಕಿ.

ಹಾಸನ ಡಿಟಿಪಿ:
ಒಪ್ಪಿಗೆ ಕೊಟ್ಟರು, ಬಿಚ್ಚಿದೆ. ನಾಲ್ಕನೇ ಸ್ಟಿಕ್ ಇತ್ತು! ಒಂದು ಕಡೆಯ ಕ್ಲಿಪ್ ತೆರೆದೇ ಇತ್ತು, ಸ್ಟಿಕ್ ಕೂದಲೆಳೆಯಷ್ಟು ಮೇಲೆದ್ದಿತ್ತು. ಒತ್ತಿದೆ. ಈಗ 31 ತೋರಿಸುತ್ತಿದೆ. ಅಂಗಡಿಯವರಿಗೆ ಫೋನ್ ಮಾಡಿ ಸ್ಟಿಕ್ ಸಿಕ್ಕಿತು ಎಂದೆ, ಕೋರ್ ಲೆಕ್ಕ ಬಿಲ್ಲಿನಲ್ಲಿ ತಿದ್ದಿ ಕಳಿಸಲು ಹೇಳಿದೆ. ಡಿಸ್ಕ್ ಮಾತ್ರ 31,000 ಗಂಟೆ ದಾಟಿದೆ, ಅಂದರೆ ಮೂರೂವರೆ ವರ್ಷ ಬಿಡದೆ ಓಡಿದ ಹಾಗೆ. ಫೈಲ್‌ಗಳನ್ನೆಲ್ಲ ಇವತ್ತೇ ಬೇರೆ ಡಿಸ್ಕಿಗೆ ಹಾಕುತ್ತಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.