ಸುದ್ದಿಯ ನಡುವೆ ಲಿಂಕ್ ಎಲ್ಲಿ, ಹೇಗೆ ಕೊಡಬೇಕು? ಅನುಭವ ತಿಳಿಸಿ

ಶಿವಮೊಗ್ಗದಿಂದ ಸಣ್ಣದೊಂದು ಸುದ್ದಿ ಜಾಲತಾಣ ನಡೆಸುತ್ತಿದ್ದೇವೆ. ಮಳೆ, ಅಡಿಕೆ ದರ, ಜಲಾಶಯದ ಮಟ್ಟ, ಅರಣ್ಯ ಭೂಮಿಯ ತಕರಾರು ನಮ್ಮ ಮುಖ್ಯ ಸುದ್ದಿಗಳು. ಬರಹದ ನಡುವೆ ಲಿಂಕ್ ಕೊಡುವ ವಿಷಯದಲ್ಲಿ ನಮ್ಮಲ್ಲೇ ಒಮ್ಮತವಿಲ್ಲ. ಹೆಚ್ಚು ಕೊಟ್ಟರೆ ಓದುಗರು ಅರ್ಧಕ್ಕೇ ಹೊರಟುಹೋಗುತ್ತಾರೆ ಎಂದು ಕೆಲವರು, ಕೊಡದಿದ್ದರೆ ನಂಬುವುದು ಹೇಗೆ ಎಂದು ಕೆಲವರು. ಈ ಕೆಲಸ ಮಾಡಿದವರೂ ಓದುಗರೂ ದಯವಿಟ್ಟು ಹೇಳಿ.

ಬೇರೊಂದು ಸುದ್ದಿಮನೆಯ ಉಪಸಂಪಾದಕ, ಶಿವಮೊಗ್ಗ

ಎಷ್ಟು ಲಿಂಕ್ ಎಂಬ ಲೆಕ್ಕ ಬಿಡಿ. ಓದುವವರು "ಇದಕ್ಕೆ ಆಧಾರವೇನು?" ಎಂದು ಕೇಳುವ ಜಾಗದಲ್ಲಿ ಲಿಂಕ್ ಇರಲೇಬೇಕು. ಬೇರೆ ಕಡೆ ಇಲ್ಲದಿದ್ದರೂ ನಡೆಯುತ್ತದೆ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ (ಕೆಲವು ಚಟುವಟಿಕೆಗಳಿಗೆ ನಿರ್ಬಂಧ ಬೀಳುವ ವಲಯ) ಆರನೇ ಕರಡು ಅಧಿಸೂಚನೆ 2024ರ ಜುಲೈ 31ರಂದು ಹೊರಬಿತ್ತು. ಕರ್ನಾಟಕದ 20,668 ಚದರ ಕಿ.ಮೀ. ಅದರೊಳಗೆ ಬರುತ್ತದೆ, ಆಕ್ಷೇಪಣೆ ಸಲ್ಲಿಸಲು ಇದ್ದದ್ದು 60 ದಿನ. ಹೊಸನಗರ, ತೀರ್ಥಹಳ್ಳಿ ಕಡೆಯ ಓದುಗರಿಗೆ ಆಗ ಬೇಕಾಗಿದ್ದದ್ದು ಒಂದೇ: ಪಟ್ಟಿಯಲ್ಲಿ ನಮ್ಮೂರು ಇದೆಯೇ? ನಾನು ಓದಿದ ಎಷ್ಟೋ ವರದಿಗಳಲ್ಲಿ "ಪಶ್ಚಿಮ ಘಟ್ಟ" ಎಂಬ ಪದಕ್ಕೆ ಲಿಂಕ್ ಇತ್ತು. ಒತ್ತಿದರೆ ಅದೇ ತಾಣದ ಹಳೆಯ ಸುದ್ದಿಗಳ ರಾಶಿ. ಗ್ರಾಮಗಳ ಪಟ್ಟಿ ಇರುವ ಅಧಿಸೂಚನೆಗೆ ಮಾತ್ರ ದಾರಿಯೇ ಇರಲಿಲ್ಲ. ಜಮೀನಿನ ಚಿಂತೆಯಲ್ಲಿರುವವರನ್ನು ಹೀಗೆ ಅಲೆಸುವುದು ಅನ್ಯಾಯ.

ಪದ ಕಂಡಲ್ಲೆಲ್ಲ ತಾನಾಗಿ ಲಿಂಕ್ ಹಾಕುವ ತಂತ್ರಾಂಶವನ್ನು ಕನ್ನಡಕ್ಕೆ ಬಳಸಲೇಬೇಡಿ. ಜಾತ್ರೆಯ ವರದಿಯಲ್ಲಿ "ಜನಸಾಗರ" ಎಂದಿದ್ದರೆ ಅದು "ಸಾಗರ"ವನ್ನಷ್ಟೇ ಹಿಡಿದು ಸಾಗರ ತಾಲ್ಲೂಕಿನ ಪುಟಕ್ಕೆ ಕೊಂಡೊಯ್ಯುತ್ತದೆ. "ಭದ್ರಾವತಿ"ಯ ಮೊದಲರ್ಧ ನೀಲಿಯಾಗಿ ಭದ್ರಾ ಜಲಾಶಯಕ್ಕೆ ಹೋಗುತ್ತದೆ. ವಿಭಕ್ತಿ ಪ್ರತ್ಯಯ ಹೊರಗುಳಿದು ಪದ ತುಂಡಾಗಿ ಕಾಣುತ್ತದೆ. ಲಿಂಕನ್ನು ಸುದ್ದಿ ಓದಿದ ಮನುಷ್ಯರೇ ಹಾಕಬೇಕು, ಪೂರ್ತಿ ಪದಗುಚ್ಛಕ್ಕೆ ಹಾಕಬೇಕು.

ಲಿಂಕ್ ಕೆಳಗೆ ಬರುವ ಅಡಿಗೆರೆಯ ಬಗ್ಗೆಯೂ ಒಂದು ಮಾತು. ನಮ್ಮ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಮಾಮೂಲಿ ಅಡಿಗೆರೆ ಅವುಗಳನ್ನು ಸೀಳಿಕೊಂಡು ಹೋಗುತ್ತದೆ, ಇಲ್ಲವೇ ಅಲ್ಲಲ್ಲಿ ತುಂಡಾಗುತ್ತದೆ. "ಶಿವಮೊಗ್ಗ", "ಲಿಂಗನಮಕ್ಕಿ" ಬರೆದು ನೋಡಿ. ಹಾಗೆಂದು ಗೆರೆ ತೆಗೆದು ಬರೀ ಬಣ್ಣ ಉಳಿಸಬೇಡಿ, ಬಣ್ಣ ಗುರುತಿಸಲಾಗದವರಿಗೆ ಲಿಂಕ್ ಇರುವುದೇ ತಿಳಿಯುವುದಿಲ್ಲ. ಗೆರೆಯನ್ನು ಅಕ್ಷರದಿಂದ ತುಸು ಕೆಳಗೆ ಸರಿಸುವ ಸೌಲಭ್ಯ ಈಗಿನ ಬ್ರೌಸರ್‌ಗಳಲ್ಲಿದೆ. ನಿಮ್ಮ ವಿನ್ಯಾಸಕರಿಗೆ ಒಂದು ಸಾಲಿನ ಕೆಲಸ.

ಅಡಿಕೆ ಬೆಳೆಗಾರ, ಸಾಗರ ತಾಲ್ಲೂಕು

ರಾಶಿ, ಬೆಟ್ಟೆ ಅಡಿಕೆಯ ದರದ ಸುದ್ದಿಯಲ್ಲಿ ಅಂಕಿ ಬರೆಯದೆ, ಸರ್ಕಾರದ ಮಾರುಕಟ್ಟೆ ದರದ ತಾಣವಾದ ಕೃಷಿ ಮಾರಾಟ ವಾಹಿನಿಯ ಪುಟಕ್ಕೆ ಲಿಂಕ್ ಕೊಟ್ಟು ಕೈತೊಳೆದುಕೊಳ್ಳುವವರಿದ್ದಾರೆ. ಆ ಪುಟದಲ್ಲಿ ದರ ದಿನವೂ ಬದಲಾಗುತ್ತದೆ. ಹಿಂದಿನ ವಾರದ ಸುದ್ದಿಯನ್ನು ಇಂದು ಓದಿದವನಿಗೆ ಸುದ್ದಿಯ ವಿಶ್ಲೇಷಣೆ ಒಂದು, ಪುಟದ ದರ ಇನ್ನೊಂದು. ಲಿಂಗನಮಕ್ಕಿ ಜಲಾಶಯದ ಮಟ್ಟಕ್ಕೂ ಇದೇ ಮಾತು. ಪೂರ್ಣ ಮಟ್ಟ 1,819 ಅಡಿ ಎಂಬುದು ಬದಲಾಗದು, ಇವತ್ತಿನ ಮಟ್ಟ ನಾಳೆ ಇರುವುದಿಲ್ಲ. ಆದ್ದರಿಂದ ಅಂಕಿಯನ್ನೂ ದಿನಾಂಕವನ್ನೂ ಸುದ್ದಿಯಲ್ಲೇ ಬರೆಯಿರಿ, ಆಮೇಲೆ ಲಿಂಕ್ ಕೊಡಿ.

ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ಕಡೆಯ ಜಗಲಿಯಲ್ಲಿ ಮಾತ್ರ. ಲಿಂಕ್ ಒತ್ತಿದ ಮೇಲೆ ದೊಡ್ಡ ಪಿಡಿಎಫ್ ಇಳಿಯತೊಡಗಿದರೆ ಓದುತ್ತಿದ್ದ ಸುದ್ದಿಯೂ ಹೋಗುತ್ತದೆ. ಪಿಡಿಎಫ್ ಎಂದೂ ಅದರ ಗಾತ್ರ ಎಷ್ಟೆಂದೂ ಪಕ್ಕದಲ್ಲೇ ಹಾಕಿ. ಮುಖ್ಯ ಅಂಶಗಳನ್ನು ಸುದ್ದಿಯೊಳಗೇ ಹೇಳಿಬಿಡಿ, ಲಿಂಕ್ ತೆರೆಯದವರಿಗೂ ವಿಷಯ ತಿಳಿಯಲಿ.

ದೃಷ್ಟಿ ಇಲ್ಲದ ಓದುಗಿ, ತೀರ್ಥಹಳ್ಳಿ

ನಾನು ಫೋನಿನ ಪರದೆಯ ಬರಹವನ್ನು ಓದಿ ಹೇಳುವ ಟಾಕ್‌ಬ್ಯಾಕ್ ಮೂಲಕ ಸುದ್ದಿ ಕೇಳುತ್ತೇನೆ. ಪುಟದ ಲಿಂಕ್‌ಗಳನ್ನಷ್ಟೇ ಒಂದರ ಹಿಂದೊಂದು ಕೇಳುತ್ತಾ ಹೋಗುವ ಅನುಕೂಲ ಅದರಲ್ಲಿದೆ. ಆಗ "ಇಲ್ಲಿ ಕ್ಲಿಕ್ ಮಾಡಿ, ಇದನ್ನೂ ಓದಿ, ಇಲ್ಲಿ ಕ್ಲಿಕ್ ಮಾಡಿ" ಎಂದು ಕೇಳಿಸಿದರೆ ನನಗೆ ಏನೂ ತಿಳಿಯುವುದಿಲ್ಲ. "ಹೈಕೋರ್ಟ್ ಆದೇಶದ ಪೂರ್ಣ ಪ್ರತಿ" ಎಂದಿದ್ದರೆ ಬೇಕೋ ಬೇಡವೋ ತಕ್ಷಣ ನಿರ್ಧರಿಸುತ್ತೇನೆ. ಲಿಂಕ್‌ನ ಉದ್ದೇಶ ಅದರ ಪದಗಳಿಂದಲೋ ಸುತ್ತಲಿನ ವಾಕ್ಯದಿಂದಲೋ ಸ್ಪಷ್ಟವಾಗಬೇಕೆಂದು ಜಾಲತಾಣಗಳು ಅಂಗವಿಕಲರಿಗೂ ಬಳಸಲು ಬರುವಂತಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿಯಾದ ಡಬ್ಲ್ಯುಸಿಎಜಿ 2008ರಿಂದಲೇ ಹೇಳುತ್ತಿದೆ, ಅದೂ ಅತ್ಯಂತ ಮೂಲಭೂತ ಹಂತದಲ್ಲಿ. ಎರಡು ಪ್ಯಾರಾಗಳ ನಡುವೆ ತುರುಕುವ "ಇದನ್ನೂ ಓದಿ" ಸಾಲುಗಳನ್ನು ದಯವಿಟ್ಟು ಕೊನೆಗೆ ಒಯ್ಯಿರಿ. ಅಪಘಾತದ ಸುದ್ದಿಯ ನಡುವೆ ಸಿನಿಮಾ ನಟಿಯ ಮದುವೆಯ ಸಾಲು ಕೇಳಿಸಿದಾಗ ಎರಡೂ ಒಂದೇ ಸುದ್ದಿ ಎಂದುಕೊಳ್ಳುವಂತಾಗುತ್ತದೆ.

ಉಪಸಂಪಾದಕ, ಮತ್ತೊಮ್ಮೆ

ಮೇಲಿನವರ ಮಾತಿಗೆ ಸೇರಿಸುವುದು ಸ್ವಲ್ಪವೇ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಶೇ 23ರಷ್ಟು ಸುದ್ದಿ ಪುಟಗಳಲ್ಲಿ ಕನಿಷ್ಠ ಒಂದು ಲಿಂಕ್ ಸತ್ತಿತ್ತು, ಅಂದರೆ ಒತ್ತಿದರೆ ಪುಟ ತೆರೆಯುತ್ತಿರಲಿಲ್ಲ. ಸರ್ಕಾರಿ ಆದೇಶಗಳ ವಿಳಾಸ ಯಾವಾಗ ಬೇಕಾದರೂ ಬದಲಾಗಬಹುದು. ಆದೇಶದ ಸಂಖ್ಯೆ, ದಿನಾಂಕ, ಇಲಾಖೆಯ ಹೆಸರನ್ನು ವಾಕ್ಯದಲ್ಲೇ ಬರೆದಿಟ್ಟರೆ ಲಿಂಕ್ ಸತ್ತ ಮೇಲೂ ಓದುಗರು ಅದನ್ನು ಹುಡುಕಿ ತೆಗೆಯಬಹುದು. ಪ್ರಕಟಿಸುವ ದಿನವೇ ಜಾಲಪುಟಗಳ ಹಳೆಯ ಪ್ರತಿಗಳನ್ನು ಕಾಪಿಡುವ ವೇಬ್ಯಾಕ್ ಮಷೀನ್‌ನಲ್ಲಿ ಒಂದು ಪ್ರತಿ ಉಳಿಸಿಕೊಳ್ಳಿ, ಅದು ಉಚಿತ. ಹಣ ಪಡೆದು ಕೊಡುವ ಲಿಂಕ್ ಇದ್ದರೆ "ಜಾಹೀರಾತು" ಎಂದು ಓದುಗರಿಗೆ ಕಾಣುವಂತೆ ಬರೆಯಿರಿ. ಅದು ಹಣದ ಲಿಂಕ್ ಎಂದು ಗೂಗಲ್‌ಗೆ ತಿಳಿಸಲು ಕೋಡ್‌ನಲ್ಲಿ ಗುರುತು ಹಾಕಿದರಷ್ಟೇ ಸಾಲದು.