ಕೆಂಪು ಕಟ್ಟಿನ ಜಗಳ

ಕಲಬುರಗಿಯ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ‘ಮುತ್ಯಾನ ಮನೆ’ ಅಂತ ಹೆಸರು. ನಿನ್ನೆ ಮಧ್ಯಾಹ್ನ ಅತ್ತೆ ಅದರಲ್ಲಿ ಒಂದು ಫಾರ್ವರ್ಡ್ ಹಾಕಿದರು.

ಅತ್ತೆ: “ಬಣ್ಣದ ಕಾರ್ಡ್ ಆಟದಿಂದ ಮಕ್ಕಳು ಜೂಜಿಗೆ ಬೀಳುತ್ತಿದ್ದಾರೆ. ಎಲ್ಲರಿಗೂ ಕಳಿಸಿ.” ನಮ್ಮ ಹುಡುಗನೂ ಇದನ್ನೇ ಆಡುತ್ತಾನೆ, ಅಲ್ವಾ? ಬರೀ ಕೆಂಪು ಕಾರ್ಡ್ ಕೂಡಿಸುತ್ತಾನಂತೆ.

ಕಾಕಾ: ಅಕ್ಕಾ, ಇದನ್ನು ಬರೆದವರು ಯಾರು? ಯಾವ ಪೇಪರಿನಲ್ಲಿ ಬಂದಿದೆ?

ಅತ್ತೆ: ನಾನು ಏನು ಹಾಕಿದರೂ ನಿನಗೆ ಪುರಾವೆ ಬೇಕು. ನಿನ್ನ ಹೆಂಡತಿ ನಿಂಬೆಹಣ್ಣಿನ ಫಾರ್ವರ್ಡ್ ಹಾಕಿದಾಗ ಸುಮ್ನೆ ಇದ್ದೆ.

ದೊಡ್ಡಪ್ಪ: ಪಾಂಡವರು ರಾಜ್ಯ ಕಳೆದುಕೊಂಡದ್ದು ಆಟದಿಂದಲೇ. ಓದುವ ವಯಸ್ಸಿನಲ್ಲಿ ಓದಬೇಕು.

ಬೀದರಿನ ಅಣ್ಣ: ಬೇಸಿಗೆ ರಜೆಯಲ್ಲಿ ಮಾಳಿಗೆ ಮೇಲೆ ಕಂದೀಲು ಹಚ್ಚಿಕೊಂಡು ಇಸ್ಪೀಟ್ ಆಡುತ್ತಿದ್ದೆವು. ಪಣಕ್ಕೆ ಶೇಂಗಾ. ಎಲೆ ಹಂಚುತ್ತಿದ್ದವರು ದೊಡ್ಡಪ್ಪನೇ!

ಅತ್ತೆ: ನನ್ನ ಪಾಲಿನ ಶೇಂಗಾ ತಿಂದವನು ನಿಮ್ಮ ಕಾಕಾ.

ಆ ಹುಡುಗ ನಾನೇ. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಆರು ತಿಂಗಳಿಂದ ಕೂಡಿಸಿದ ಕಾರ್ಡ್ ಕಟ್ಟು ಅದು. ಬೇಜಾರಾಯಿತು. ಕೂತು ಟೈಪ್ ಮಾಡಿದೆ.

ನಾನು: ಅತ್ತೆ, ಇದು ಮ್ಯಾಜಿಕ್: ದ ಗ್ಯಾದರಿಂಗ್. ರಿಚರ್ಡ್ ಗಾರ್ಫೀಲ್ಡ್ ಅಂತ ಗಣಿತ ಓದಿದವರು ಮಾಡಿದ ಆಟ, 1993ರಲ್ಲಿ ಬಂತು. ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಅಂತ ಐದು ಬಣ್ಣ. ನನ್ನದು ಬರೀ ಕೆಂಪು, ಅದರಲ್ಲೂ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರ ದಂಡು. ಒಂದೊಂದೇ ಬಂದರೆ ಅವಕ್ಕೆ ಬಲ ಇಲ್ಲ. ಅವರ ನಾಯಕ ಗಾಬ್ಲಿನ್ ಚೀಫ್ಟನ್ ಇಳಿದರೆ ಉಳಿದ ಗಾಬ್ಲಿನ್‌ಗಳ ಬಲ ಒಂದೊಂದು ಏರುತ್ತದೆ, ಬಂದ ಸರದಿಯಲ್ಲೇ ನುಗ್ಗುತ್ತವೆ. ಕಾರ್ಡ್ ಇಳಿಸಲು ಮಾನಾ ಬೇಕು, ಅಂದರೆ ಆಟದೊಳಗಿನ ಶಕ್ತಿ. ಕೆಂಪು ಮಾನಾ ಬೆಟ್ಟದ ಕಾರ್ಡಿನಿಂದ ಬರುತ್ತದೆ. ಎರಡು ಬಣ್ಣ ಬೆರೆಸಿದರೆ ಕೈಯಲ್ಲಿ ಹಸಿರು, ಎದುರಿಗೆ ಬರೀ ಬೆಟ್ಟ ಅಂತ ಸುಮ್ನೆ ಕೂರಬೇಕಾಗುತ್ತದೆ. ಅದಕ್ಕೇ ಒಂದೇ ಬಣ್ಣ. ನಿಮ್ಮ ಭಯದಲ್ಲಿ ಒಂದು ಮಾತು ನಿಜ. ಬೂಸ್ಟರ್ ಪ್ಯಾಕೆಟ್ ಒಳಗೆ ಯಾವ ಕಾರ್ಡ್ ಇದೆ ಅಂತ ಒಡೆಯುವವರೆಗೂ ಗೊತ್ತಾಗುವುದಿಲ್ಲ. ಅದರ ಹಿಂದೆ ಬಿದ್ದರೆ ದುಡ್ಡು ಹೋಗುತ್ತದೆ. ನಾನು ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳುತ್ತೇನೆ.

ಕಟ್ಟನ್ನು ಚಾಪೆ ಮೇಲೆ ಹರಡಿ ಫೋಟೋನೂ ಹಾಕಿದೆ.

ಅತ್ತೆ: ಇಷ್ಟುದ್ದ ಯಾರು ಓದುತ್ತಾರಪ್ಪಾ. ಊಟ ಆಯ್ತಾ?

ಬೀದರಿನ ಅಣ್ಣ: ಆ ಕಂದೀಲು ಈಗ ಯಾರ ಹತ್ತಿರ ಇದೆ?

ದೊಡ್ಡಪ್ಪ: ಮನೆ ಪಾಲಾದಾಗ ಯಾರು ಒಯ್ದರೋ ಅವರನ್ನೇ ಕೇಳು.

ಆಮೇಲೆ ಅರ್ಧ ಗಂಟೆ ಬರೀ ಕಂದೀಲು, ಹಿತ್ತಾಳೆ ಹಂಡೆ. ಅದರ ನಡುವೆ ಕಾಕಾನ ಮೆಸೇಜ್ ಬಂತು.

ಕಾಕಾ: ಫೋಟೋ ದೊಡ್ಡದು ಮಾಡಿ ಎಣಿಸಿದೆ. 60 ಎಲೆಯಲ್ಲಿ 20 ಬೆಟ್ಟ. ಮೊದಲು ಕೈಗೆ ಎಷ್ಟು ಎಲೆ?

ನಾನು: 7, ಕಾಕಾ.

ಕಾಕಾ: ಹಾಗಾದರೆ ಸರಾಸರಿ 2.33 ಬೆಟ್ಟ. ನಿನ್ನ ಚೀಫ್ಟನ್‌ಗೆ ಎಷ್ಟು ಮಾನಾ?

ನಾನು: 3.

ಕಾಕಾ: ಅಂಥವು ನಾಲ್ಕು ಇಟ್ಟಿದ್ದೀಯ. ಬೆಟ್ಟ ಸಾಲಲ್ಲ.

ರಾತ್ರಿ ಎರಡು ಗಾಬ್ಲಿನ್ ತೆಗೆದು ಎರಡು ಬೆಟ್ಟ ಹಾಕಿದೆ. ಯಾವ ಎರಡನ್ನು ತೆಗೆಯಬೇಕು ಅಂತ ಯೋಚಿಸುವುದರಲ್ಲೇ ಒಂದು ಗಂಟೆ ಹೋಯಿತು.